ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಆಜ್ಞೆ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಮಾತನಾಡಲಿರುವುದು ಒಂದೇ ಒಂದು ಸಾಲಿನ ಬಗ್ಗೆ. ಜಾವಾಸ್ಕ್ರಿಪ್ಟ್ ಕಲಿಯುತ್ತಿರುವ ನಿಮ್ಮಲ್ಲಿ ಹಲವರು ಅದನ್ನು ನೋಡಿದ್ದೀರಿ. ಕೆಲವರು ಅಲ್ಲಿಯೇ ಎಡವಿರಲೂಬಹುದು.

ಕೆಲವು ವರ್ಷಗಳ ಹಿಂದೆ ಒಂದು ಪ್ರಾಜೆಕ್ಟನ್ನು ಸಿದ್ಧಪಡಿಸಿ, ಅಭ್ಯಾಸಕ್ಕೆಂದು ವಿದ್ಯಾರ್ಥಿಗಳಿಗೆ ಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದುದು ಲಿನಕ್ಸ್. ಅಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಒಬ್ಬ ವಿದ್ಯಾರ್ಥಿನಿಯಿಂದ ಮಾತ್ರ ಎರಡು ದಿನ ಸುದ್ದಿಯೇ ಇಲ್ಲ. ವಿಚಾರಿಸಿದಾಗ, "ಸರ್, ಇದು ನನ್ನಿಂದ ಆಗುವ ಕೆಲಸವಲ್ಲ, ಬಿಟ್ಟುಬಿಡುತ್ತೇನೆ" ಎಂದಳು. ಅವಳ ಬಳಿ ಇದ್ದುದು ಅಣ್ಣ ಬಳಸಿ ಕೊಟ್ಟ ಹಳೆಯ ವಿಂಡೋಸ್ ಕಂಪ್ಯೂಟರ್. 'ನೋಡ್_ಎನ್ವ್' ಎಂಬ ಆಜ್ಞೆ ತನಗೆ ಗೊತ್ತಿಲ್ಲ ಎಂದು ಅದು ಹೇಳುತ್ತಿತ್ತು. ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು.

ಪ್ರೋಗ್ರಾಮ್ ಆರಂಭವಾಗುವಾಗ ಹೊರಗಿನಿಂದ ಅದರ ಕೈಗೆ ಕೊಡುವ ಚೀಟಿಯೇ ಎನ್ವಿರಾನ್ಮೆಂಟ್ ವೇರಿಯಬಲ್. ಚೀಟಿಯಲ್ಲಿ ಒಂದು ಹೆಸರು, ಒಂದು ಮೌಲ್ಯ ಇರುತ್ತದೆ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಿಂದ ಬಂದ ಪದ್ಧತಿ ಇದು. 'ನೋಡ್_ಎನ್ವ್' ಚೀಟಿಯಲ್ಲಿ 'ಪ್ರೊಡಕ್ಷನ್' ಎಂದಿದ್ದರೆ, ಡೆವಲಪರರಿಗಾಗಿ ಇರುವ ಎಚ್ಚರಿಕೆಗಳನ್ನು ರಿಯಾಕ್ಟ್ ಕೈಬಿಡುತ್ತದೆ. ಎಕ್ಸ್‌ಪ್ರೆಸ್ ತನ್ನ ಪುಟಗಳ ಟೆಂಪ್ಲೇಟುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ.

ನಾನು ಪ್ಯಾಕೇಜ್ ಡಾಟ್ ಜೇಸನ್ ಫೈಲಿನಲ್ಲಿ 'ನೋಡ್_ಎನ್ವ್=ಪ್ರೊಡಕ್ಷನ್ ವೆಬ್‌ಪ್ಯಾಕ್' ಎಂದು ಬರೆದಿದ್ದೆ. ಎನ್‌ಪಿಎಂ ಈ ಸಾಲನ್ನು ತಾನೇ ನಡೆಸುವುದಿಲ್ಲ, ಆಪರೇಟಿಂಗ್ ಸಿಸ್ಟಮ್‌ನ ಶೆಲ್‌ಗೆ ಒಪ್ಪಿಸುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಅದು 'ಎಸ್‌ಎಚ್', ವಿಂಡೋಸ್‌ನಲ್ಲಿ 'ಸಿಎಂಡಿ'. ಆಜ್ಞೆಯ ಮುಂದೆ ಹೆಸರು, ಸಮಚಿಹ್ನೆ, ಮೌಲ್ಯ ಇದ್ದರೆ ಅದು ಚೀಟಿ ಎಂದು ಎಸ್‌ಎಚ್‌ಗೆ ಗೊತ್ತು. ಸಿಎಂಡಿಗೆ ಆ ರೂಢಿಯಿಲ್ಲ. ಮೊದಲ ಪದವನ್ನೇ ಪ್ರೋಗ್ರಾಮ್ ಎಂದು ತಿಳಿದು ಅದು ಹುಡುಕುತ್ತದೆ.

ಕೆಲವರು ವಿಂಡೋಸ್‌ಗಾಗಿ ಮುಂದೆ 'ಸೆಟ್' ಎಂದು ಸೇರಿಸಿ, ಎರಡು ಆಂಪರ್‌ಸ್ಯಾಂಡ್ ಹಾಕಿ ಮುಂದುವರಿಸುತ್ತಾರೆ. ಇದರಲ್ಲಿ ಎರಡು ಅಪಾಯಗಳಿವೆ. ಆಂಪರ್‌ಸ್ಯಾಂಡಿನ ಮೊದಲು ಬಿಟ್ಟ ಜಾಗವೂ ವಿಂಡೋಸ್‌ನಲ್ಲಿ ಮೌಲ್ಯದೊಳಗೆ ಸೇರಿಹೋಗುತ್ತದೆ. ಆಗ 'ಪ್ರೊಡಕ್ಷನ್' ಎಂಬ ಹೋಲಿಕೆ ತಪ್ಪುತ್ತದೆ. ಲಿನಕ್ಸ್‌ನಲ್ಲಾದರೋ 'ಸೆಟ್'ಗೆ ಬೇರೆಯೇ ಅರ್ಥ. ಯಾವ ದೋಷವನ್ನೂ ತೋರಿಸದೆ, ಚೀಟಿಯೇ ಇಲ್ಲದೆ ಬಿಲ್ಡ್ ಮುಗಿದುಬಿಡುತ್ತದೆ. ಕೂಗಿ ಹೇಳುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಹೆಚ್ಚು ಹಾನಿಕರ.

ಪರಿಹಾರ ಸುಲಭ. ಕೆಂಟ್ ಸಿ. ಡಾಡ್ಸ್ ಅವರು ರಚಿಸಿದ 'ಕ್ರಾಸ್-ಎನ್ವ್' ಎಂಬ ಪ್ಯಾಕೇಜನ್ನು ಪ್ರಾಜೆಕ್ಟಿನಲ್ಲಿ ಅಳವಡಿಸಿಕೊಂಡು, ಅದೇ ಹಳೆಯ ಸಾಲಿನ ಮುಂದೆ ಅದರ ಹೆಸರು ಬರೆದರೆ ಸಾಕು. ಚೀಟಿಯನ್ನು ಅದೇ ಓದಿ ಪ್ರೋಗ್ರಾಮಿಗೆ ತಲುಪಿಸುತ್ತದೆ, ಶೆಲ್ ಯಾವುದಾದರೂ ಸರಿ. ಮೌಲ್ಯಗಳು ಹೆಚ್ಚಿದ್ದರೆ ಅವನ್ನು 'ಡಾಟ್ ಎನ್ವ್' ಫೈಲಿನಲ್ಲಿಡಿ. 2023ರಲ್ಲಿ ಬಂದ ನೋಡ್ 20.6ರಿಂದ 'ಎನ್ವ್-ಫೈಲ್' ಎಂಬ ಆಯ್ಕೆಯ ಮೂಲಕ ನೋಡ್ ಅದನ್ನು ನೇರವಾಗಿ ಓದಬಲ್ಲದು. ಫೈಲ್ ಅಳಿಸುವುದು, ನಕಲು ಮಾಡುವುದು ಮುಂತಾದ ಕೆಲಸಗಳಿಗೂ ಶೆಲ್ ಆಜ್ಞೆಗಳ ಬದಲು ಚಿಕ್ಕ ಜಾವಾಸ್ಕ್ರಿಪ್ಟ್ ಫೈಲ್ ಬರೆಯುವುದು ಮೇಲು.

ಇನ್ನೆರಡು ಮಾತು ನೆನಪಿಡಿ. ಪ್ರೋಗ್ರಾಮಿನೊಳಗೆ ಬರುವ ಮೌಲ್ಯಗಳೆಲ್ಲ ಅಕ್ಷರಗಳ ಸಾಲು ಮಾತ್ರ. 'ಫಾಲ್ಸ್' ಎಂದು ಬರೆದರೂ ಜಾವಾಸ್ಕ್ರಿಪ್ಟ್ ಅದನ್ನು ನಿಜವೆಂದೇ ಎಣಿಸುತ್ತದೆ. ಆದ್ದರಿಂದ ಸ್ಪಷ್ಟವಾಗಿ ಹೋಲಿಸಿ ನೋಡಿ. ಎರಡನೆಯದು, ಡಾಟ್ ಎನ್ವ್ ಫೈಲಿನಲ್ಲಿರುವ ಪಾಸ್‌ವರ್ಡ್ ಯಾರೋ ನಿಮ್ಮನ್ನು ನಂಬಿ ಕೊಟ್ಟ ಅಮಾನತ್ತು. ಅದನ್ನು ಗಿಟ್‌ಗೆ ಸೇರಿಸಬೇಡಿ. ಹೆಸರುಗಳಷ್ಟೇ ಇರುವ ಮಾದರಿ ಫೈಲನ್ನು ಇತರರಿಗೆ ಕೊಡಿ.

ನನ್ನ ಸಾಲಿಗೆ ಆ ಒಂದು ಪದ ಸೇರಿಸಿ ಕಳುಹಿಸಿದ ಸಂಜೆಯೇ ಆ ವಿದ್ಯಾರ್ಥಿನಿಯ ಪ್ರಾಜೆಕ್ಟ್ ನಡೆಯಿತು. ಅವಳು ಕಲಿಕೆ ಬಿಡಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ನಾನು ವಿಚಾರಿಸದೇ ಇದ್ದಿದ್ದರೆ? ನಮ್ಮ ಮಕ್ಕಳಲ್ಲಿ ಎಲ್ಲರಿಗೂ ಒಂದೇ ಬಗೆಯ ಕಂಪ್ಯೂಟರ್ ಸಿಗುವುದಿಲ್ಲ. ಸಿಕ್ಕಿದ್ದರಲ್ಲೇ ಕಲಿಯುವವರು ಅನೇಕರು. ನೀವು ಬರೆದ ಪ್ರಾಜೆಕ್ಟನ್ನು ಒಪ್ಪಿಸುವ ಮುನ್ನ, ನಿಮ್ಮದಲ್ಲದ ಒಂದು ಕಂಪ್ಯೂಟರಿನಲ್ಲಿ ಮೊದಲಿನಿಂದ ನಡೆಸಿ ನೋಡಿ. "ನನ್ನಲ್ಲಿ ನಡೆಯುತ್ತದೆ" ಎಂಬ ಉತ್ತರದಿಂದ ಇನ್ನೊಬ್ಬರಿಗೆ ಪ್ರಯೋಜನವಿಲ್ಲ. ಆಜ್ಞೆ ವಿಫಲವಾದಾಗ ನಿಮ್ಮ ಬುದ್ಧಿಯನ್ನು ಹಳಿದುಕೊಳ್ಳುವ ಮೊದಲು, ಸಂದೇಶವನ್ನು ಪೂರ್ತಿ ಓದಿ, ಕೇಳಿ.

ಇತರರಿಗೆ ಉಪಯೋಗವಾಗುವ ಜ್ಞಾನವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್. ವಸ್ಸಲಾಮ್.