ಒಡೆದದ್ದು ಯಾವತ್ತು?

ಹೋದ ತಿಂಗಳು ಇದೇ ವೇದಿಕೆಯಲ್ಲಿ ಕುಮಾರವ್ಯಾಸನ ಬಗ್ಗೆ ಮಾತಾಡಿದವರು ನಿಮ್ಮನ್ನು ಒಂದೂಮುಕ್ಕಾಲು ಗಂಟೆ ಅಲುಗಾಡದಂತೆ ಕೂರಿಸಿದ್ದರು. ಆ ಭಾಗ್ಯ ನನಗಿಲ್ಲ ಅಂತ ಬೆಳಿಗ್ಗೆಯೇ ಗೊತ್ತಾಯಿತು. ಕರಪತ್ರದಲ್ಲಿ ‘ಒಂದು ರಾಕ್ ಬ್ಯಾಂಡಿನ ಕೊನೆಯ ಪ್ರವಾಸ’ ಅಂತ ಅಚ್ಚಾಗಿದೆಯಲ್ಲ, ಅದನ್ನು ನೋಡಿದ ರೇಷ್ಮೆ ನೂಲು ತೆಗೆಯುವ ಪರಿಚಯದ ರೀಲರ್ ಒಬ್ಬರು ಗೂಡಿನ ಮಾರುಕಟ್ಟೆ ಹತ್ತಿರ ನನ್ನನ್ನು ನಿಲ್ಲಿಸಿ, ‘ಏನ್ ಸಾ, ಬ್ಯಾಂಡ್‌ಸೆಟ್ಟಿನವರ ವಿಷಯಾನಾ? ಮದುವೆ ಸೀಜನ್ನಲ್ಲಿ ಇಟ್ಕೋಬೇಕಿತ್ತು’ ಅಂದರು. ಆ ಬ್ಯಾಂಡಲ್ಲ. ಆದರೆ ತೀರಾ ದೂರದ ಸಂಬಂಧವೂ ಅಲ್ಲ.

ಆರ್‌ಇಎಂ ಅಂತ ಅದರ ಹೆಸರು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಎಂಬ ಊರಿದೆ, ಕಾಲೇಜು ಹುಡುಗರ ಊರು. ಅಲ್ಲಿನ ನಾಲ್ವರು ಸೇರಿ ಕಟ್ಟಿದ್ದು. ಮೈಕಲ್ ಸ್ಟೈಪ್ ಹಾಡುವವನು, ಪೀಟರ್ ಬಕ್ ಗಿಟಾರ್, ಮೈಕ್ ಮಿಲ್ಸ್ ಬಾಸ್ ಗಿಟಾರ್, ಬಿಲ್ ಬೆರಿ ಡ್ರಮ್ಸ್. 1980ರ ಏಪ್ರಿಲ್ 5ರಂದು, ಪ್ರಾರ್ಥನೆ ನಿಂತುಹೋಗಿದ್ದ ಒಂದು ಹಳೇ ಚರ್ಚಿನಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಆಮೇಲೆ ಇವರ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಅಂಟಿತು. 1991ರ ‘ಔಟ್ ಆಫ್ ಟೈಮ್’ ಲೋಕಕ್ಕೆಲ್ಲ ಅವರನ್ನು ಗೊತ್ತುಮಾಡಿಸಿತು. 2008ರ ನವೆಂಬರ್ 18ರಂದು ಮೆಕ್ಸಿಕೊ ಸಿಟಿಯಲ್ಲಿ ಕೊನೆಯ ಪ್ರವಾಸದ ಕೊನೆಯ ಕಾರ್ಯಕ್ರಮ. 2011ರ ಸೆಪ್ಟೆಂಬರ್ 21ರಂದು ಬ್ಯಾಂಡ್ ಮುಗಿಯಿತೆಂಬ ಪ್ರಕಟಣೆ. ಚರಿತ್ರೆ ಇಷ್ಟೇ. ಮಿಕ್ಕಿದ್ದು ಜಗಳ.

ಜಗಳ ನನಗೂ ನನ್ನ ಒಬ್ಬ ಗೆಳೆಯನಿಗೂ. ಬೆಂಗಳೂರಿನ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು ನಾವು. ಬ್ಯಾಂಡ್ ಒಡೆದದ್ದು 2011ರಲ್ಲಿ ಅಂತ ಅವನು. ಇಲ್ಲ, 1997ರ ಅಕ್ಟೋಬರ್ 30ರಂದೇ ಒಡೆಯಿತು, ಆಮೇಲಿನ ಹದಿನಾಲ್ಕು ವರ್ಷ ಬರೀ ಹೆಸರು ಓಡಾಡಿತು ಅಂತ ನಾನು. ಇಬ್ಬರಿಗೂ ಮೊಮ್ಮಕ್ಕಳು ಬಂದರೂ ಇದು ಮುಗಿದಿಲ್ಲ.

ಅವರ ಹಾಡು ಮೊದಲು ಕೇಳಿದ್ದು ಅವನ ಕ್ಯಾಸೆಟ್ಟಿನಲ್ಲೇ. ‘ಲೂಸಿಂಗ್ ಮೈ ರಿಲಿಜನ್’. ಮ್ಯಾಂಡೊಲಿನ್ ಅಂದರೆ ನಮಗೆ ಯು. ಶ್ರೀನಿವಾಸ್, ರಾಮನವಮಿ ಪೆಂಡಾಲು, ಪಾನಕ. ರಾಕ್‌ನವರ ಕೈಯಲ್ಲಿ ಅದೇ ವಾದ್ಯ ಕಂಡು ನನಗೆ ಆಶ್ಚರ್ಯ. ಪೀಟರ್ ಬಕ್ ಆಗಿನ್ನೂ ಅದನ್ನು ಕಲಿಯುತ್ತಿದ್ದ. ಟಿವಿ ನೋಡುತ್ತಾ ಸುಮ್ಮನೆ ಮೀಟುತ್ತಿದ್ದಾಗ ಹುಟ್ಟಿದ ವರಸೆ ಅದು. ಹಾಡಿನ ಹೆಸರು ಕೇಳಿ ನಾನು, ಇದು ನಾಸ್ತಿಕರ ಹಾಡು ಅಂದುಕೊಂಡು ಬಹಳ ಕಾಲ ತಂದೆಯವರ ಮುಂದೆ ಹಾಕುತ್ತಿರಲಿಲ್ಲ. ಆ ಕಡೆಯ ಆಡುಮಾತಿನಲ್ಲಿ ಅದರರ್ಥ ತಾಳ್ಮೆಗೆಟ್ಟು ಹೋಗುವುದು, ಅಷ್ಟೇ. ನಮ್ಮಜ್ಜಿ ‘ಸಾಕಾಗೋಯ್ತಪ್ಪ ಶಿವನೆ’ ಅನ್ನುತ್ತಿದ್ದರಲ್ಲ, ಅಲ್ಲೂ ಶಿವನದೇನೂ ತಪ್ಪಿರುತ್ತಿರಲಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ನಾಲ್ವರ ಪದ್ಧತಿ ವಿಚಿತ್ರ. ಹಾಡು ಯಾರೇ ಕಟ್ಟಲಿ, ಅದರ ಕೆಳಗೆ ನಾಲ್ಕೂ ಹೆಸರು ಬರುತ್ತಿತ್ತು. ಅದರಿಂದ ಬರುವ ದುಡ್ಡೂ ನಾಲ್ಕು ಪಾಲು. ನಾಲ್ವರಲ್ಲಿ ಒಬ್ಬ ಬೇಡವೆಂದರೂ ಆ ಕೆಲಸ ಅಲ್ಲಿಗೆ ನಿಂತಿತು. ಅಂದರೆ ಜಂಟಿ ಖಾತೆ. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ತಾಲ್ಲೂಕಿನವರಿಗೆ ಜಂಟಿ ಖಾತೆ ಅಂದರೇನು, ಒಂದು ಸಹಿ ಕಮ್ಮಿಯಾದರೆ ಏನಾಗುತ್ತದೆ ಅಂತ ನಾನು ಹೇಳಿಕೊಡಬೇಕಾಗಿಲ್ಲ.

1995ರ ಮಾರ್ಚ್ 1. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗಲೇ ಬಿಲ್ ಬೆರಿ ಕುಸಿದ. ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಆಪರೇಷನ್ ಆಯಿತು, ಬದುಕಿದ, ಮೇ ತಿಂಗಳಿಗೆಲ್ಲ ಮತ್ತೆ ಬಂದು ಡ್ರಮ್ಸ್ ಹಿಂದೆ ಕೂತ. ಅದೇ ಪ್ರವಾಸದಲ್ಲಿ ಮಿಲ್ಸ್‌ಗೆ ಹೊಟ್ಟೆಯ ಆಪರೇಷನ್, ಸ್ಟೈಪ್‌ಗೆ ಹರ್ನಿಯಾ. ಒಂದೇ ಪ್ರವಾಸ, ಮೂರು ಆಪರೇಷನ್. ಎರಡೂವರೆ ವರ್ಷ ಬಿಟ್ಟು ಬೆರಿ ‘ನನಗೆ ಸಾಕು’ ಅಂದ. ಹೋಗಿ ಜಮೀನು ನೋಡಿಕೊಂಡ, ಹುಲ್ಲು ಬೆಳೆದ. ಇಲ್ಲಿಗೆ ಕಥೆ ಮುಗಿದಿದ್ದರೆ ನನಗೆ ಜಗಳವೇ ಇರುತ್ತಿರಲಿಲ್ಲ. ಹೋಗುವಾಗ ಅವನೊಂದು ಷರತ್ತು ಇಟ್ಟ: ನಾನು ಹೋಗುವುದರಿಂದ ನೀವು ಬ್ಯಾಂಡ್ ಮುಚ್ಚುವುದಾದರೆ ನಾನು ಹೋಗುವುದಿಲ್ಲ.

ಉಳಿದ ಮೂವರು ಏನು ಮಾಡಬೇಕಿತ್ತು? ಮುಚ್ಚುತ್ತೇವೆ ಅಂದರೆ, ಒಲ್ಲದವನನ್ನು ಕಟ್ಟಿಹಾಕಿದ ಹಾಗೆ. ಮುಚ್ಚುವುದಿಲ್ಲ ಅಂದರೆ, ನೀನಿಲ್ಲದಿದ್ದರೂ ನಡೆಯುತ್ತದೆ ಅಂದ ಹಾಗೆ. ಅವರು ಎರಡನೆಯದನ್ನೇ ಹೇಳಿದರು. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವುದನ್ನು ಮಾತ್ರ ಬೇರೆ ಥರ ಕಲಿಯಬೇಕು ಎಂಬರ್ಥದ ಮಾತನ್ನು ಸ್ಟೈಪ್ ಆಡಿದ. ನನ್ನ ಗೆಳೆಯನಿಗೆ ಆ ಮಾತು ಬಹಳ ಹಿಡಿಸಿದೆ. ನನಗೆ ಈಗಲೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. 1998ರಲ್ಲಿ ‘ಅಪ್’ ಬಂತು. ಬೆರಿ ಕೂರುತ್ತಿದ್ದ ಜಾಗದಲ್ಲಿ ಹೆಚ್ಚುಕಡಿಮೆ ಡ್ರಮ್ ಮಷೀನು. ಹಾಡುಗಳ ಕೆಳಗೆ ಮೂರು ಹೆಸರು.

ಸಭೆಯಲ್ಲಿ ಹಳಬರು ಕೆಲವರು ನಗುತ್ತಿದ್ದೀರಿ. ಯಾಕೆ ಅಂತ ಗೊತ್ತು. ತೊಂಬತ್ತರ ದಶಕದಲ್ಲಿ ಗಣಪತಿ ಕೂರಿಸಿದ ಬೀದಿಗಳಲ್ಲಿ ನಮ್ಮ ಆರ್ಕೆಸ್ಟ್ರಾ ಕೇಳಿದವರು ನೀವು. ಆರು ಜನ. ನಾನು ಹಾರ್ಮೋನಿಯಂ, ಆಮೇಲೆ ಕೀಬೋರ್ಡು. ಢೋಲಕ್ ಬಾರಿಸುತ್ತಿದ್ದವರು ಇದೇ ಊರಿನ ಒಬ್ಬ ರೀಲರ್. ಹೆಸರು ಹೇಳುವುದಿಲ್ಲ, ಅವರ ಮಕ್ಕಳು ಇಲ್ಲೇ ಇದ್ದಾರೆ. ಬೆಳಿಗ್ಗೆ ಚರಕದ ಮುಂದೆ, ರಾತ್ರಿ ಢೋಲಕ್ ಮುಂದೆ. ಬಿಸಿನೀರಿನ ಬಾಣಲೆಯಲ್ಲಿ ದಿನವಿಡೀ ನೆಂದು ಅವರ ಬೆರಳಿನ ತುದಿ ಬಿಳಿಚಿ, ಸುಲಿದು, ಚರ್ಮವೇ ಇಲ್ಲದ ಹಾಗಿರುತ್ತಿತ್ತು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾರಿಸುತ್ತಿದ್ದರು. ಅದರಿಂದಲೇ ಆ ಢೋಲಕ್ಕಿಗೆ ಒಂದು ಮಂದ ನಾದ ಇತ್ತು. ಆ ನಾದ ಬೇರೆ ಎಲ್ಲೂ ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಅವರ ಚರಕದ ಪಕ್ಕ ಕೂತಿದ್ದೆ. ಹುಳ ಬೇಯುವ ವಾಸನೆ. ಎಂಟೊಂಬತ್ತು ಗೂಡಿನ ಎಳೆ ಸೇರಿ ಒಂದು ನೂಲಾಗಿ ಮೇಲಕ್ಕೆ ಹೋಗುತ್ತಿತ್ತು. ನಡುವೆ ಒಂದು ಗೂಡು ಖಾಲಿಯಾಗಿ ನೀರಿನಲ್ಲಿ ಮುಳುಗಿತು. ಚರಕ ನಿಲ್ಲಲಿಲ್ಲ. ಅವರು ಇನ್ನೊಂದು ಗೂಡಿನ ತುದಿ ಹಿಡಿದು ಓಡುತ್ತಿದ್ದ ನೂಲಿಗೆ ಎಸೆದರು, ಅದು ತಾನಾಗಿ ಅಂಟಿಕೊಂಡು ಹೋಯಿತು. ‘ನೂಲು ಕಡೀಲಿಲ್ಲ ನೋಡಿ’ ಅಂದೆ. ‘ಕಡೀಲಿಲ್ಲ ಸಾಮಿ, ಆದ್ರೆ ಅಷ್ಟು ದೂರ ತೆಳ್ಳಗಾಯ್ತು. ನಿಮ್ಗೆ ಕಾಣಲ್ಲ. ಹುರಿ ಮಾಡೋನಿಗೆ ಗೊತ್ತಾಗ್ತದೆ’ ಅಂದರು.

ಒಂದು ವರ್ಷ ಗೂಡಿನ ರೇಟಿಗೂ ನೂಲಿನ ರೇಟಿಗೂ ತಾಳೆಯಾಗದೆ ಅವರು ಸಾಲಕ್ಕೆ ಸಿಕ್ಕಿದರು. ‘ಈ ಸಲ ಗಣಪತಿಗೆ ಬರೋಕಾಗಲ್ಲ, ನನ್ನಿಂದ ಪ್ರೋಗ್ರಾಮ್ ನಿಲ್ಲಿಸಬೇಡಿ’ ಅಂದರು. ನಾವು ನಿಲ್ಲಿಸಲಿಲ್ಲ. ಮುಂಗಡ ಬಂದ ದುಡ್ಡಿನಲ್ಲಿ ಒಂದು ರಿದಮ್ ಪ್ಯಾಡ್ ತಂದೆವು. ತರಲು ಬೆಂಗಳೂರಿಗೆ ಹೋದವನು ನಾನೇ. ಮುಂದಿನ ವರ್ಷ ಅವರನ್ನು ಕರೆಯಬೇಕಿತ್ತು. ಪ್ಯಾಡ್ ಇತ್ತಲ್ಲ, ಕರೆಯಲಿಲ್ಲ.

ಮತ್ತೆ ನನ್ನ ವಿಷಯ. ಹೆಸರಿನ ಮಾತು ಬಂದರೆ ನಮ್ಮೂರಿಗಿಂತ ಬೇರೆ ಉದಾಹರಣೆ ಬೇಡ. ವಡಿಗೇನಹಳ್ಳಿ ಹೋಗಿ ವಿಜಯಪುರ ಆಯಿತು, ಊರು ಅದೇ ಉಳಿಯಿತು. 2014ರಲ್ಲಿ ಬಿಜಾಪುರವೂ ವಿಜಯಪುರವಾಗಿ, ಈಗ ನಮ್ಮ ಕೊರಿಯರ್ ಅಲ್ಲಿಗೆ ಹೋಗುತ್ತದೆ. ಹೆಸರು ಬದಲಾದರೂ ಊರು ಅದೇ ಇರಬಹುದಾದರೆ, ಹೆಸರು ಅದೇ ಇದ್ದೂ ಬ್ಯಾಂಡ್ ಬೇರೆಯಾಗಿರಬಹುದು ಎಂಬುದು ನನ್ನ ತರ್ಕ. ರಘು ದೀಕ್ಷಿತ್ ಮೊದಲು ಕಟ್ಟಿದ್ದು ‘ಅಂತರಾಗ್ನಿ’ ಎಂಬ ಬ್ಯಾಂಡ್. ಅದು ಚದುರಿದ ಮೇಲೆ ಬೋರ್ಡೇ ಬದಲಾಯಿತು, ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಅಂತ. ಕಲಾವಿದರು ಬಂದು ಹೋಗುವ ತೆರೆದ ಮನೆ. ಶಿಶುನಾಳ ಶರೀಫರ ಪದ ಹಾಡಿಕೊಂಡು ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರೆಗೂ ಹೋದದ್ದು ಆ ಬೋರ್ಡಿನ ಕೆಳಗೆ. ಜನ ಬದಲಾದರು, ಹೆಸರೂ ಬದಲಾಯಿತು. ಲೆಕ್ಕ ಸರಿಹೋಯಿತು. ಇನ್ನು ರಾಜನ್–ನಾಗೇಂದ್ರ. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರವರೆಗೆ ಇದ್ದರು. ಆ ಇಪ್ಪತ್ತು ವರ್ಷವೂ ಅವರನ್ನು ನೋಡಿದವರ ಬಾಯಲ್ಲಿ ಬರುತ್ತಿದ್ದದ್ದು ಎರಡು ಹೆಸರೇ.

ನನಗೆ ಹಾರ್ಮೋನಿಯಂ ಹೇಳಿಕೊಟ್ಟವರು ನಾಟಕದ ಮೇಷ್ಟ್ರು. ಈ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುತ್ತಿದ್ದರು. ಮೂರು ತಿಂಗಳು ತಾಲೀಮು, ಒಂದು ರಾತ್ರಿ ನಾಟಕ. ದುರ್ಯೋಧನನ ಪಾತ್ರಕ್ಕೆ ಹೆಚ್ಚು ದುಡ್ಡು ಕೊಟ್ಟ ಸಾಹುಕಾರನಿಗೂ ಶ್ರುತಿ ತಪ್ಪಿದರೆ ಬೈಯುತ್ತಿದ್ದರು. ಒಂದು ಸಲ ಬೆಳಗಿನ ಜಾವ ಮಳೆ ಬಂದು ಸೀನರಿಯವರು ಪರದೆ ಬಿಚ್ಚತೊಡಗಿದರು, ಜನ ಎದ್ದು ಹೋದರು. ಮೇಷ್ಟ್ರು ಮಾತ್ರ ಖಾಲಿ ಚಪ್ಪರದ ಕೆಳಗೆ ಕೂತು ಮಂಗಳ ಹಾಡಿ ಮುಗಿಸಿದರು. ‘ಯಾರಿಗೆ ಹಾಡ್ತೀರ ಮೇಷ್ಟ್ರೇ?’ ಅಂದೆ. ‘ಮಂಗಳ ಆಗದ ನಾಟಕ ಬಾಕಿ ಬಿದ್ದಂಗೆ ಕಣಯ್ಯ, ಅದು ಮನೇವರೆಗೂ ಹಿಂದೆ ಬರ್ತದೆ’ ಅಂದರು.

2008ರ ಪ್ರವಾಸಕ್ಕೆ ಮಂಗಳ ಇರಲಿಲ್ಲ. ‘ಅಕ್ಸೆಲರೇಟ್’ ಎಂಬ ಆಲ್ಬಂ ಮಾಡಿ, ಬಿಲ್ ರೀಫ್ಲಿನ್ ಎಂಬ ಡ್ರಮ್ಮರನನ್ನು ಜತೆಗಿಟ್ಟುಕೊಂಡು, ಅಮೆರಿಕ, ಯೂರೋಪು ಸುತ್ತಿ ಮೆಕ್ಸಿಕೊ ಸಿಟಿಗೆ ಬಂದರು. ಅವತ್ತು ಟಿಕೆಟ್ ಕೊಂಡವರಿಗೆ ಇದು ಕೊನೆಯದು ಅಂತ ಯಾರೂ ಹೇಳಲಿಲ್ಲ. ‘ಇನ್ನು ಮುಂದೇನು’ ಎಂಬ ಪ್ರಶ್ನೆ ಆ ಪ್ರವಾಸದಲ್ಲೇ ಶುರುವಾಗಿತ್ತು ಅಂತ ಮಿಲ್ಸ್ ತಿಳಿಸಿದ್ದು 2011ರಲ್ಲಿ. ನಡುವೆ ಇನ್ನೊಂದು ಆಲ್ಬಂ ಮಾಡಿದರು, ಅದಕ್ಕೆ ಪ್ರವಾಸವೇ ಹೋಗಲಿಲ್ಲ. ಕೋರ್ಟಿಲ್ಲ, ಕಚೇರಿಯಿಲ್ಲ, ಒಬ್ಬರ ಮೇಲೊಬ್ಬರು ಕೆಸರೆರಚಲಿಲ್ಲ. ನನ್ನ ಗೆಳೆಯ ಇದನ್ನು ದೊಡ್ಡತನ ಅನ್ನುತ್ತಾನೆ. ವಿದಾಯದ ಪ್ರವಾಸ ಅಂತ ಸಾರಿ, ದುಪ್ಪಟ್ಟು ದರಕ್ಕೆ ಟಿಕೆಟ್ ಮಾರಿ, ಎರಡು ವರ್ಷ ಬಿಟ್ಟು ಮತ್ತೆ ಬರುವವರೂ ಇದ್ದಾರಲ್ಲ, ಅವರಿಗಿಂತ ಇವರು ಮೇಲು ಅಂತ. ಅದನ್ನು ನಾನು ಒಪ್ಪುತ್ತೇನೆ. ಮೂವರೂ ಬೆರಿಗೆ ಕೊಟ್ಟ ಮಾತನ್ನು ಕೊನೆವರೆಗೂ ಉಳಿಸಿಕೊಂಡರು, ಅದನ್ನೂ ಒಪ್ಪುತ್ತೇನೆ.

ಒಪ್ಪಲಾಗದ್ದು ಒಂದಿದೆ, ಅದು ನನ್ನ ವಾದಕ್ಕೇ ಅಡ್ಡ ಬರುತ್ತದೆ. 2024ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಗೀತರಚನಕಾರರ ಸನ್ಮಾನ ನಡೆದಾಗ ನಾಲ್ವರೂ ಒಟ್ಟಿಗೆ ನಿಂತು ಅದೇ ಮ್ಯಾಂಡೊಲಿನ್ ಹಾಡು ನುಡಿಸಿದರು. ನಾಲ್ವರು, ಮೂವರಲ್ಲ. ಅವತ್ತು ರಾತ್ರಿ ಗೆಳೆಯ ಫೋನ್ ಮಾಡಿ ಕೇಳಿದ: ‘ಲೋ, 1997ರಲ್ಲೇ ಒಡೆದಿತ್ತು ಅಂತೀಯಲ್ಲ, ಹಾಗಾದ್ರೆ ಇವತ್ತು ನುಡಿಸಿದ್ದು ಯಾವ ಬ್ಯಾಂಡು?’ ಉತ್ತರ ಹೊಳೆಯದೆ ಸಿಗ್ನಲ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ.

ಹಾಗಾಗಿ ಉತ್ತರಿಸಬೇಕಾದ ನಾನೇ ನಿಮ್ಮನ್ನು ಕೇಳುತ್ತೇನೆ. ಹೋಗುವವನೇ ‘ನಿಲ್ಲಿಸಬೇಡಿ’ ಅಂದ ಮೇಲೆ ನಿಲ್ಲಿಸುವುದು ನಿಷ್ಠೆಯೋ, ಮೊಂಡುತನವೋ? ಅವನ ಜಾಗಕ್ಕೆ ಮಷೀನು ತಂದವರು ಅವನ ಮಾತು ನಡೆಸಿದರೋ, ಆ ಮಾತಿನ ಮರೆಯಲ್ಲಿ ನಿಂತರೋ? ಆ ಮೂವರು 1997ರಲ್ಲೇ ಮುಚ್ಚಿದ್ದರೆ ನಾನು ಈಗ ಅವರನ್ನು ಹೊಗಳುತ್ತಿದ್ದೆನೇ, ಅಥವಾ ಅವಸರ ಮಾಡಿದರು ಅಂತ ಇದೇ ಮೈಕಿನಲ್ಲಿ ದೂರುತ್ತಿದ್ದೆನೇ?

ಕೊನೆಗೊಂದು ಬೇಡಿಕೆ. ನಮ್ಮ ಆರ್ಕೆಸ್ಟ್ರಾದಲ್ಲಿ ಅವರು ಢೋಲಕ್ ಬಾರಿಸಿದ ಕೊನೆಯ ಗಣಪತಿ ಕಾರ್ಯಕ್ರಮವನ್ನು ಮುಂದಿನ ಸಾಲಿನಲ್ಲಿದ್ದ ಯಾರೋ ಟೇಪ್‌ರೆಕಾರ್ಡರಿನಲ್ಲಿ ಹಿಡಿಯುತ್ತಿದ್ದರು. ನೀಲಿ ಬಣ್ಣದ ಕ್ಯಾಸೆಟ್, ನಾನೇ ನೋಡಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಅದು ಸಿಕ್ಕಿದರೆ ಸಂಘದ ಕಾರ್ಯದರ್ಶಿಯವರ ಕೈಗೆ ಕೊಡಿ. ಆ ಢೋಲಕ್ಕಿನವರ ದೊಡ್ಡ ಮಗ ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಅವನು ತಂದೆ ಬಾರಿಸಿದ್ದನ್ನು ಕೇಳಿಲ್ಲ.