ಆನೆ ಹಿಡಿಯುವ ತಂಡ

ಆಲೂರು–ಸಕಲೇಶಪುರದ ಕಾಫಿ ತೋಟಗಳಲ್ಲಿ ಬೀಡುಬಿಟ್ಟ ಕಾಡಾನೆಯನ್ನು ಸೆರೆಹಿಡಿಯಲು ಅರಣ್ಯ ಇಲಾಖೆ ಕಟ್ಟುವ ತಂಡವು, ಒಂದೇ ಬಗೆಯ ಅರಿವುಳ್ಳವರು ಎಷ್ಟು ಮಂದಿ ಸೇರಿದರೂ ನಡೆಯದ ಕೆಲಸಕ್ಕೆ ಒಳ್ಳೆಯ ನಿದರ್ಶನವಾಗಿದೆ. ಪಶುವೈದ್ಯರು ದೂರದಿಂದಲೇ ಆನೆಯ ತೂಕವನ್ನು ಅಂದಾಜಿಸಿ ಅರಿವಳಿಕೆಯ ಪ್ರಮಾಣವನ್ನು ನಿರ್ಧರಿಸುತ್ತಾರೆ. ಆದರೆ ಅದು ಯಾವ ಇಳಿಜಾರಿನಲ್ಲಿ ನಿಂತಿದೆಯೆಂಬುದನ್ನು ಲದ್ದಿಯ ಬಿಸಿಯಿಂದ, ಮುರಿದ ಬೈನೆಮರದಿಂದ ಊಹಿಸಬಲ್ಲವರು ಆ ಸೀಮೆಯ ಜಾಡುಗಾರರು. ತಂಡದಲ್ಲಿ ಕುಮ್ಕಿಯೂ ಇರುತ್ತದೆ, ಎಂದರೆ ಸೆರೆ ಕಾರ್ಯದಲ್ಲಿ ನೆರವಾಗುವ ಪಳಗಿದ ಆನೆ. ಅದನ್ನು ನಡೆಸುವ ಮಾವುತರಲ್ಲಿಯೂ ಅವರ ಸಹಾಯಕರಾದ ಕಾವಾಡಿಗಳಲ್ಲಿಯೂ ಅನೇಕರು ಜೇನುಕುರುಬರಾಗಿದ್ದು, ತಾವೇರಿದ ಆನೆಯ ಕಿವಿಯ ನಿಲುವಿನಿಂದಲೇ ಅಪಾಯವನ್ನು ಗುರುತಿಸುವ ಇವರ ಮಾತು ಆ ಗಳಿಗೆಯಲ್ಲಿ ಅಧಿಕಾರಿಯ ಆದೇಶಕ್ಕಿಂತ ಮೇಲಾಗಬೇಕಾಗುತ್ತದೆ. ಶ್ರೇಣಿಗೆ ಒಗ್ಗಿದ ಯಾವ ಇಲಾಖೆಗೂ ಇದು ಸುಲಭವಲ್ಲ.

ಹಾಗೆಂದು ಬಗೆಬಗೆಯ ಬಲ್ಲವರು ಇದ್ದಮಾತ್ರಕ್ಕೆ ತಂಡಕ್ಕೆ ರಕ್ಷೆ ದೊರೆಯುವುದಿಲ್ಲ. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಕುಮ್ಕಿ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯೊಡನೆ ಕಾದಾಡಿ ಮಡಿದ ಕಾರ್ಯಾಚರಣೆಯಲ್ಲಿ ವೈದ್ಯರು, ಮಾವುತರು, ಇತರ ಕುಮ್ಕಿಗಳು ಎಲ್ಲರೂ ಇದ್ದರು.

ಹಾಗಿದ್ದರೂ ಈ ಬಗೆಬಗೆಯ ಅರಿವಿನ ಅಗತ್ಯ ತಗ್ಗಿಲ್ಲ: ಕಾಡಾನೆಯ ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ ಅದರ ನೆಲೆಯನ್ನು ತಿಳಿಯುವ ವ್ಯವಸ್ಥೆ ಬಂದ ಮೇಲೂ ಹೆಜ್ಜೆ ಓದುವ ಜಾಡುಗಾರರ ಸ್ಥಾನ ತೆರವಾಗಿಲ್ಲ, ಏಕೆಂದರೆ ಎಲ್ಲ ಆನೆಗಳಿಗೂ ಕಾಲರ್ ಇಲ್ಲ.