ಹಿರಿಯರ ಸಹಾಯವಾಣಿಗೆ ಫೋನು ಮಾಡುವ ಮುಂಚೆ

ಇವತ್ತಿನ ಮಾತು ಕುಷಾಯಿಗೂಡ, ಇ.ಸಿ.ಐ.ಎಲ್., ಕಾಪ್ರಾ, ಚೆರ್ಲಪಲ್ಲಿ ಭಾಗದ ಕನ್ನಡ ಮನೆಗಳಿಗೆ, ಅದರಲ್ಲೂ ಆ ಮನೆಗಳಲ್ಲಿರುವ ಮುತ್ಯಾ, ಆಯಿ ಅವರಿಗೆ. ಒಂದು ಚೀಟಿ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ನಂಬರು 14567. ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ಐದು, ಆರು, ಏಳು. ಇದು ಹಿರಿಯ ನಾಗರಿಕರ ಸಹಾಯವಾಣಿ. ಎಲ್ಡರ್ ಲೈನ್ ಅಂತ ಇದರ ಹೆಸರು. ಫೋನಿಗೆ ದುಡ್ಡು ಕಡಿತವಾಗುವುದಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಭಾನುವಾರವೂ ಸೇರಿ ವಾರವಿಡೀ ಇರುತ್ತದೆ.

ಇವತ್ತು ದೇಶದ ತುಂಬ ಇರುವ ಈ ಸೇವೆ ಮೊದಲು ಶುರುವಾದದ್ದು ನಮ್ಮ ಹೈದರಾಬಾದಿನಲ್ಲೇ. 2017ರಲ್ಲಿ ಟಾಟಾ ಟ್ರಸ್ಟ್ಸ್ ಸಂಸ್ಥೆ, ವಿಜಯವಾಹಿನಿ ಚಾರಿಟಬಲ್ ಫೌಂಡೇಶನ್ ಮೂಲಕ, ತೆಲಂಗಾಣ ಸರ್ಕಾರದ ಜೊತೆಗೂಡಿ ಈ ಊರಿನ ಹಿರಿಯರಿಗಾಗಿ ಇದನ್ನು ಕಟ್ಟಿತು. ಆಮೇಲೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಇದನ್ನು ಬೇರೆ ರಾಜ್ಯಗಳಿಗೂ ಒಯ್ದಿತು. 2021ರ ಅಕ್ಟೋಬರ್ 1ರ ಹೊತ್ತಿಗೆ, ಹಿಂದಿನ ನಾಲ್ಕೇ ತಿಂಗಳಲ್ಲಿ, ಎರಡು ಲಕ್ಷಕ್ಕೂ ಮಿಕ್ಕಿ ಕರೆ ಬಂದಿದ್ದವು. ಕೋವಿಡ್ ಕಾಲ ಅದು. ಕರೆಗಳಲ್ಲಿ ಹತ್ತಿರ ಹತ್ತಿರ ಶೇಕಡಾ 40 ಲಸಿಕೆಯ ಬಗ್ಗೆ, ಸುಮಾರು ಶೇಕಡಾ 23 ಪಿಂಚಣಿಯ ಬಗ್ಗೆ. ಲಸಿಕೆಯ ಗದ್ದಲ ಮುಗಿಯಿತು, ಪಿಂಚಣಿಯ ಗೋಳು ಮುಗಿದಿಲ್ಲ.

ಏನೇನು ಕೇಳಬಹುದು? ಪಿಂಚಣಿ ನಿಂತುಹೋಗಿದೆ, ಯಾವ ಕಚೇರಿಗೆ ಹೋಗಬೇಕು ಅಂತ ಕೇಳಬಹುದು. ಹತ್ತಿರದ ವೃದ್ಧಾಶ್ರಮ, ಆಸ್ಪತ್ರೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಬಗ್ಗೆ ವಿಚಾರಿಸಬಹುದು. ಮನಸ್ಸಿಗೆ ಬೇಸರವಾಗಿದೆ, ಮಾತಾಡಲು ಯಾರೂ ಇಲ್ಲ ಅಂತಲೂ ಹೇಳಿಕೊಳ್ಳಬಹುದು. ಅದಕ್ಕೆ ಯಾರೂ ನಗುವುದಿಲ್ಲ. ಮನೆಯಲ್ಲಿ ಹೊಡೆತ, ಬೈಗುಳ, ಊಟ ಹಾಕದಿರುವುದು ಇದ್ದರೆ ಅದನ್ನು ಬಿಚ್ಚಿ ಹೇಳಿ. ಇಂಥ ಪ್ರಕರಣಗಳಲ್ಲಿ ಅವರ ಸಿಬ್ಬಂದಿ ಸ್ಥಳಕ್ಕೂ ಬರುತ್ತಾರೆ. ಆದರೆ ಎದೆನೋವು ಬಂದಾಗ, ಬಿದ್ದು ಪೆಟ್ಟಾದಾಗ ಈ ನಂಬರು ಒತ್ತಿ ಹೊತ್ತು ಕಳೆಯಬೇಡಿ. ಅದಕ್ಕೆ 108. ಜೀವಕ್ಕೆ ಅಪಾಯ ಅನಿಸಿದರೆ 112.

ಈಗ ವಿಳಾಸದ ಮಾತು. ಬೀದರ್, ಕಲಬುರಗಿ, ರಾಯಚೂರಿನಿಂದ ಮಕ್ಕಳ ಮನೆಗೆ ಬಂದವರು ಯಾರು ಕೇಳಿದರೂ "ಹೈದರಾಬಾದು" ಅನ್ನುತ್ತಾರೆ. ಮಾತಿಗೆ ಅದು ಸರಿ, ಅರ್ಜಿಗೆ ಸರಿಯಲ್ಲ. 2016ರ ಅಕ್ಟೋಬರಿನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಹೊಸದಾಗಿ ಹಂಚಿದ ಮೇಲೆ ಕುಷಾಯಿಗೂಡ ರಂಗಾರೆಡ್ಡಿ ಜಿಲ್ಲೆಯಿಂದ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಗೆ ಬಂತು. ಹೈದರಾಬಾದ್ ಜಿಲ್ಲೆಯೇ ಬೇರೆ. ಪಿಂಚಣಿ, ಕಾನೂನು ನೆರವು, ನ್ಯಾಯಮಂಡಳಿ ಎಲ್ಲವೂ ಜಿಲ್ಲೆಯ ಲೆಕ್ಕದಲ್ಲೇ ನಡೆಯುವುದರಿಂದ, ಜಿಲ್ಲೆ ತಪ್ಪಿ ಹೇಳಿದರೆ ವಯಸ್ಸಾದವರು ಸಲ್ಲದ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಕುಷಾಯಿಗೂಡ, ಕಾಪ್ರಾ ಮಂಡಲ, ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿಡಿ. ಬಸ್ ಡಿಪೋದಿಂದ ಮನೆಗೆ ಬರುವ ದಾರಿಯನ್ನೂ ಅದರ ಕೆಳಗೆ ಬರೆದುಬಿಡಿ.

ಭಾಷೆಯ ತೊಡಕೂ ಇದೆ. ತೆಲುಗು, ಹಿಂದಿ ಬರದ ಆಯಿ ಒಬ್ಬರೇ ಮಾತಾಡುವುದು ಕಷ್ಟ, ಪಕ್ಕದಲ್ಲಿ ಯಾರಾದರೂ ಕೂತು ತಿಳಿಸಿ ಹೇಳಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ದೂರು ಮನೆಯವರ ಮೇಲೇ ಇದ್ದರೆ, ಆ ಮನೆಯವರನ್ನೇ ನಡುವೆ ಕೂರಿಸಬೇಡಿ. ಸೊಸೆಯ ಬಗೆಗಿನ ದೂರು ಮಗನ ಬಾಯಿಂದ ಹೋದರೆ ಅರ್ಧ ದಾರಿಯಲ್ಲೇ ಕರಗಿಹೋಗುತ್ತದೆ, ಮಗನ ಬಗೆಗಿನದು ಫೋನಿನವರೆಗೆ ತಲುಪುವುದೇ ಇಲ್ಲ. ನಂಬಿಕೆಯ ನೆರೆಯವರನ್ನು, ಸತ್ಸಂಗದ ಗೆಳತಿಯನ್ನು ಕರೆಯಿರಿ. ಮನಸ್ಸಿನ ತೊಂದರೆ ಮಾತ್ರವಾದರೆ 14416 ಇದೆ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸೇವೆಯ 20 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ ಬೇಕು ಅಂತ ಕೇಳಲು ಸಂಕೋಚ ಬೇಡ.

ಸಂಕೋಚವೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಮನೆಯ ಮಾತು ಹೊಸ್ತಿಲು ದಾಟಬಾರದು ಅಂತ ನಮ್ಮ ಹಿರಿಯರು ತುಟಿ ಕಚ್ಚಿಕೊಂಡು ಕೂತಿರುತ್ತಾರೆ. ಹಾಗೆ ಕೂತಿರುವವರಿಗೆ ಹೇಳುತ್ತೇನೆ, ಫೋನು ಮಾಡಿದ ಮಾತ್ರಕ್ಕೆ ಮಗನನ್ನು ಪೊಲೀಸರು ಎಳೆದೊಯ್ಯುವುದಿಲ್ಲ. ನಿಮಗೆ ಯಾವ ದಾರಿ ಇದೆ ಅಂತ ಮೊದಲು ತಿಳಿಸುತ್ತಾರೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರ, ತಮ್ಮ ಖರ್ಚು ತಾವು ನೋಡಿಕೊಳ್ಳಲಾಗದ ಅಪ್ಪ ಅಮ್ಮ ಕಂದಾಯ ವಿಭಾಗದ ನ್ಯಾಯಮಂಡಳಿಗೆ ಅರ್ಜಿ ಹಾಕಿ ಮಕ್ಕಳಿಂದ, ದೊಡ್ಡವರಾದ ಮೊಮ್ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೇಳಬಹುದು. ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕು ಅಂತ ಕಾಯ್ದೆ ಹೇಳುತ್ತದೆ. ವಕೀಲರನ್ನು ಇಡಲೇಬೇಕು ಅಂತಿಲ್ಲ.

ಇದೇ ಕಾಯ್ದೆಯ 23ನೇ ಸೆಕ್ಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಕೇಳಿ. ಊರಿನ ಹೊಲ, ಇಲ್ಲಿನ ಫ್ಲ್ಯಾಟು ಮಕ್ಕಳ ಹೆಸರಿಗೆ ದಾನಪತ್ರ ಮಾಡುವಾಗ, "ನನ್ನ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಇದ್ದು, ಮಕ್ಕಳು ನಡೆಸಿಕೊಡದಿದ್ದರೆ ಆ ದಾನವನ್ನು ರದ್ದು ಮಾಡಿಸಲು ಕೇಳಬಹುದು. ಷರತ್ತಿಲ್ಲದ ಪತ್ರ ಮುಂದೆ ಬಹಳ ಅಲೆಸುತ್ತದೆ. "ಮಗನ ಹತ್ತಿರ ಷರತ್ತು ಏನು ಹಾಕೋದು" ಅನ್ನಬೇಡಿ. ನೋಡಿಕೊಳ್ಳುವ ಮಗನಿಗೆ ಅದರಿಂದ ಯಾವ ಭಾರವೂ ಇಲ್ಲ.

ಇನ್ನೆರಡು ನಂಬರು ಚೀಟಿಯಲ್ಲಿರಲಿ. ಊರಿನ ಅಂತ್ಯೋದಯ ಅಥವಾ ಆದ್ಯತಾ ಕಾರ್ಡು ಇದ್ದವರು ಇಲ್ಲಿನ ಪಡಿತರ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು; ಆ ವಿಚಾರಕ್ಕೆ 14445. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಈ ನೆರವು ವರಮಾನ ಎಷ್ಟೇ ಇದ್ದರೂ ಸಿಗುತ್ತದೆ. ಚೆರ್ಲಪಲ್ಲಿ, ಕುಷಾಯಿಗೂಡದ ಕಾರ್ಖಾನೆಗಳಲ್ಲಿ ದುಡಿಯುವವರು ಇದನ್ನು ಗುರುತು ಹಾಕಿಕೊಳ್ಳಿ.

ಯಾವ ಸಹಾಯವಾಣಿಯೂ ನಿಮ್ಮ ಓ.ಟಿ.ಪಿ. ಕೇಳುವುದಿಲ್ಲ, ಶುಲ್ಕ ಕಳಿಸಿ ಅನ್ನುವುದಿಲ್ಲ. ಕೇಳಿದರೆ ಅದು ಮೋಸ, ಫೋನು ಇಟ್ಟುಬಿಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಬೆಳಗಾಗಲಿ ಅಂತ ಕಾಯದೆ ಆಗಲೇ 1930ಕ್ಕೆ ಹೇಳಿ. ಸಹಾಯವಾಣಿಯಲ್ಲಿ ಮಾತು ಮುಗಿಯುವ ಮುಂಚೆ ದೂರಿನ ನಂಬರು ಕೇಳಿ, ತಾರೀಖಿನ ಸಮೇತ ಬರೆದುಕೊಳ್ಳಿ. ಹೇಳಿದ ಹೊತ್ತಿಗೆ ಕೆಲಸ ಆಗದಿದ್ದರೆ ಅದೇ ನಂಬರು ಹೇಳಿ ಮತ್ತೆ ಕೇಳಿ.

ಕೊನೆಯದಾಗಿ, 14567ಕ್ಕೆ ಹಿರಿಯರೇ ಮಾಡಬೇಕು ಅಂತಿಲ್ಲ. ಡಿಪೋ ಹತ್ತಿರ, ಚೆರ್ಲಪಲ್ಲಿ ಸ್ಟೇಷನ್ನಿನಲ್ಲಿ ದಿಕ್ಕು ತೋಚದೆ ಕೂತ ವಯಸ್ಸಾದವರನ್ನು ಕಂಡರೆ ನೀವೇ ಮಾಡಿ. ಅವರ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಜಾಗ ಹೇಳಿ, ಉಟ್ಟ ಬಟ್ಟೆಯ ಬಣ್ಣ ಹೇಳಿ, ಯಾವ ಭಾಷೆ ಮಾತಾಡುತ್ತಾರೆ ಹೇಳಿ, ತಿರುಗಿ ಫೋನು ಬರುವವರೆಗೆ ಅವರ ಜೊತೆಗೇ ಇರಿ.